ಮರಳ ದಿಬ್ಬದ ಮೇಲೆ ಒಂಬತ್ತು ಸೆಕೆಂಡು

ಹಾವೇರಿ

"ಶಾರ್ಜಾ ಹೆಂಗಿತ್ರಿ ಅಕ್ಕಾರ?" ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಹೆಂಗಸಿನಿಂದ ಹಿಡಿದು ನಮ್ಮ ಪ್ರಿನ್ಸಿಪಾಲರ ತನಕ ಹಾವೇರಿಯಲ್ಲಿ ಎಲ್ಲರೂ ಇದನ್ನೇ ಕೇಳಿದರು. ಮೊದಮೊದಲು "ಚಲೋ ಇತ್ತು" ಅಂದೆ. ಆಮೇಲೆ ಹಾಗೆ ಹೇಳುವುದನ್ನೂ ಬಿಟ್ಟೆ. ಮುಗಿಲಿಗೆ ತಾಗುವ ಕಟ್ಟಡ, ಬಂಗಾರದ ಅಂಗಡಿಗಳ ಸಾಲು, ಸಮುದ್ರದ ದಂಡೆ ಇವುಗಳನ್ನು ಬಣ್ಣಿಸುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅಲ್ಲಿದ್ದದ್ದು ಎಂಟು ದಿನ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಸಿಟ್ಟಿನಲ್ಲೇ ಕಳೆದೆ. ಆ ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಬರೆಯಲು ಕುಳಿತಿದ್ದೇನೆ.

ನಾನು ಕರ್ಜಗಿಯವಳು. ಹಾವೇರಿಯ ಒಂದು ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ತರಗತಿಗೆ ಪಾಠ ಹೇಳುತ್ತೇನೆ. ಇಂಜಿನ್ ಬಿಚ್ಚುವ ಕೆಲಸಕ್ಕೆ ಹೆಂಗಸು ಯಾಕೆ ಎಂದು ಕೇಳುವವರು ಈಗ ಕಡಿಮೆಯಾಗಿದ್ದಾರೆ. ಕೇಳಿದವರ ಕೈಗೆ ಒಂದು ಸ್ಪ್ಯಾನರ್ ಕೊಟ್ಟು ನಿಲ್ಲಿಸುತ್ತಿದ್ದೆ, ಅದಕ್ಕೇ ಇರಬೇಕು.

ಕಳೆದ ವರ್ಷ ಶಂಕ್ರಣ್ಣ ಎಂಬುವವರು ನಮ್ಮ ಐಟಿಐಗೆ ಬಂದರು. ರಾಣೆಬೆನ್ನೂರಿನ ಪಕ್ಕದ ಹಲಗೇರಿಯವರು, ಶಾರ್ಜಾದಲ್ಲಿ ಸ್ವಂತ ಗ್ಯಾರೇಜು. ದೊಡ್ಡ ದೊಡ್ಡ ಪಿಕಪ್ ಗಾಡಿಗಳ ಇಂಜಿನ್ ಶಕ್ತಿ ಹೆಚ್ಚಿಸಿ ಕೊಡುವುದು ಅವರ ಕಸುಬು. ವರ್ಷಕ್ಕೆ ಐದು ಹುಡುಗರನ್ನು ನಮ್ಮಲ್ಲಿಂದ ಕಳಿಸಿಕೊಡಿ ಎಂದು ಕೇಳಿದರು. ನಾನು ಹಿಂದೆಮುಂದೆ ನೋಡಿದೆ.

"ಸುಮ್ಮನ ನನ್ನ ಮಾತ ಕೇಳಿ ಕಳಸಬ್ಯಾಡ್ರಿ ಅಕ್ಕಾರ," ಅಂದರು ಶಂಕ್ರಣ್ಣ. "ಒಮ್ಮೆ ಬಂದು ನೋಡಿ ಹೋಗ್ರಿ. ನಿಮ್ಮ ದಾದಾಪೀರನೂ ನಮ್ಮಲ್ಲೇ ಅದಾನ."

ದಾದಾಪೀರ ಗುತ್ತಲದವನು. ಹನ್ನೆರಡು ವರ್ಷದ ಹಿಂದೆ ನನ್ನ ವಿದ್ಯಾರ್ಥಿ. ಮನೆಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ, ಎರಡರಲ್ಲೂ ಮಾತು ಕಡಿಮೆ. ಇಂಜಿನ್ ಮುಂದೆ ನಿಂತು ಕಣ್ಣು ಮುಚ್ಚಿ ಕೇಳಿ, ಯಾವ ಸಿಲಿಂಡರ್ ಸರಿಯಿಲ್ಲ ಎಂದು ಬೆರಳು ತೋರಿಸುತ್ತಿದ್ದ. ಅವನ ಹೆಸರು ಕೇಳಿದ ಕೂಡಲೇ ನನ್ನ ಅನುಮಾನ ಹೋಯಿತು. ಬೇಸಿಗೆ ರಜೆಗೆ ಮುಂಚೆಯೇ ಹೊರಟೆ.

ಶಾರ್ಜಾ, ಮೊದಲ ದಿನ

ದಾದಾಪೀರನಿಗೆಂದು ಒಂದು ಪೊಟ್ಟಣ ಬ್ಯಾಡಗಿ ಖಾರದಪುಡಿ ಒಯ್ದಿದ್ದೆ. ವಿಮಾನದಲ್ಲಿ ಅದು ಒಡೆದಿತ್ತು. ತಪಾಸಣೆಯವನು ಸೂಟ್‌ಕೇಸ್ ತೆರೆದು, ಮುಖ ಬಗ್ಗಿಸಿ, ಎದ್ದು ನಿಂತು ಏಳು ಸಲ ಸೀನಿದ. ಅವನ ಜೊತೆಯವನು ನೋಡಲು ಬಂದು ಅವನೂ ಸೀನಿದ. ಕೊನೆಗೆ ಇಬ್ಬರೂ ಕಣ್ಣೊರೆಸಿಕೊಳ್ಳುತ್ತ ಹೋಗು ಎಂದು ಕೈ ಮಾಡಿದರು. ನನ್ನ ಐದು ಸೀರೆಗಳೂ ಕೆಂಪಾಗಿದ್ದವು. ಎಂಟು ದಿನವೂ ನಾನು ಹೋದಲ್ಲೆಲ್ಲ ಪಕ್ಕದವರು ಸೀನುತ್ತಿದ್ದರು.

ಹೊರಗೆ ದಾದಾಪೀರ ನಿಂತಿದ್ದ. ಹೊಟ್ಟೆ ಸ್ವಲ್ಪ ಬಂದಿದೆ, ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು. "ಆರಾಮದೀರೇನ್ರಿ ಅಕ್ಕಾರ," ಎಂದು ಬಗ್ಗಿ ಸೂಟ್‌ಕೇಸ್ ಎತ್ತಿಕೊಂಡು, ಅವನೂ ಸೀನಿದ.

ಆ ಊರಿನ ಎರಡು ರೂಢಿಗಳು ಮೊದಲ ದಿನವೇ ನನ್ನ ತಲೆ ಕೆಡಿಸಿದವು. ಒಂದು, ಚಹಾದಂಗಡಿ ಮುಂದೆ ಕಾರು ನಿಲ್ಲಿಸಿ ಹಾರ್ನ್ ಬಾರಿಸುವುದು. ಒಳಗಿನಿಂದ ಒಬ್ಬ ಬಿಸಿಲಲ್ಲಿ ಓಡಿ ಬರಬೇಕು, ಕಿಟಕಿ ಇಳಿಯುತ್ತದೆ, ಎರಡು ಬೆರಳು ಹೊರಬರುತ್ತವೆ, ಎರಡು ಕಪ್ ಎಂದರ್ಥ, ಕಿಟಕಿ ಏರುತ್ತದೆ. ಅಂಗಡಿ ಇಪ್ಪತ್ತು ಹೆಜ್ಜೆ ದೂರ. ಇಳಿದು ಹೋಗಿ ಕುಡಿಯಲು ಕಾಲಿಗೆ ಏನಾಗಿದೆ? ಇನ್ನೊಂದು, ಗಾಡಿ ನಿಲ್ಲಿಸಿ ಅಂಗಡಿಗೆ ಹೋದರೂ ಇಂಜಿನ್ ಬಂದ್ ಮಾಡದಿರುವುದು. ಒಳಗೆ ತಂಪಾಗಿರಲಿ ಎಂದು ಖಾಲಿ ಗಾಡಿ ಅರ್ಧ ತಾಸು ಗುರ್ರೆನ್ನುತ್ತ ನಿಂತಿರುತ್ತದೆ. ನಮ್ಮ ಕಡೆ ಇಳಿಜಾರು ಬಂದರೆ ಡೀಸೆಲ್ ಉಳಿಯಲಿ ಎಂದು ಇಂಜಿನ್ ಆರಿಸುವ ಡ್ರೈವರುಗಳಿಗೆ ನಾನು ಬಯ್ಯುತ್ತೇನೆ, ಬ್ರೇಕು ಹಿಡಿಯುವುದಿಲ್ಲ ಎಂದು. ಇಲ್ಲಿ ಯಾರಿಗೆ ಬಯ್ಯುವುದು?

"ಇಂಜಿನ್ ಅಂದ್ರ ಇವ್ರಿಗೆ ಫ್ಯಾನ್ ಇದ್ದಂಗ ಬಿಡ್ರಿ," ಅಂದ ದಾದಾಪೀರ.

ಗ್ಯಾರೇಜು

ಗ್ಯಾರೇಜನ್ನು ನೋಡಿ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ನೆಲದ ಮೇಲೆ ಊಟ ಬಡಿಸಬಹುದು, ಅಷ್ಟು ಸ್ವಚ್ಛ. ಹದಿನೆಂಟು ಮಂದಿ ಕೆಲಸಗಾರರು. ಶಂಕ್ರಣ್ಣ ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರಿಸಿ, ಎಲ್ಲರ ಜೊತೆ ನೆಲಕ್ಕೆ ಕೂತು ಉಂಡರು. ಈ ಮನುಷ್ಯ ಒಳ್ಳೆಯವನು ಎಂದುಕೊಂಡೆ. ಐದು ಹುಡುಗರ ಹೆಸರು ಮನಸ್ಸಿನಲ್ಲಿ ಆಗಲೇ ಬರೆದಿಟ್ಟೆ.

ನಡುವೆ ಒಂದು ಬಿಳಿ ಪಿಕಪ್ ನಿಂತಿತ್ತು. ಎಂಟು ಸಿಲಿಂಡರಿನ ಪೆಟ್ರೋಲ್ ಗಾಡಿ. ನಮ್ಮ ಬ್ಯಾಡಗಿ ಪೇಟೆಯ ಪಿಕಪ್‌ಗಳು ಮೆಣಸಿನಕಾಯಿ ಚೀಲ ಹೊರುತ್ತವೆ. ಇದು ಏನನ್ನೂ ಹೊರುವುದಿಲ್ಲ. ಮರಳಿನ ದಿಬ್ಬ ಹತ್ತುವುದೊಂದೇ ಇದರ ಕೆಲಸ. ಇಂಜಿನ್ ಮೇಲೆ ಸೂಪರ್‌ಚಾರ್ಜರ್ ಕೂರಿಸಿದ್ದರು. ಅದು ಬೆಲ್ಟಿನಿಂದ ತಿರುಗುವ ಗಾಳಿಪಂಪು. ಇಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಒಳಗೆ ತುರುಕುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಾಗಬೇಕು. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಎಂದು ಪ್ರತಿ ಕ್ಷಣ ಲೆಕ್ಕ ಹಾಕುವುದು ಇಂಜಿನ್ನಿನ ಕಂಪ್ಯೂಟರ್. ಸೂಪರ್‌ಚಾರ್ಜರ್ ಹಾಕಿದ ಮೇಲೆ ಆ ಲೆಕ್ಕವನ್ನು ಹೊಸದಾಗಿ ಬರೆಯಬೇಕು. ಅದಕ್ಕೇ ಟ್ಯೂನಿಂಗ್ ಅನ್ನುತ್ತಾರೆ. ಈ ಗ್ಯಾರೇಜಿಗೆ ಆ ಫೈಲ್ ಬರೆದು ಕಳಿಸುವವನು ಬೇರೆ ಯಾವುದೋ ದೇಶದಲ್ಲಿ ಕೂತಿರುವ ಟ್ಯೂನರ್. ಗಾಡಿಯ ಜೊತೆ ಓಡಾಡಿ ಲ್ಯಾಪ್‌ಟಾಪಿನಲ್ಲಿ ಅಂಕಿ ದಾಖಲಿಸುವವನು, ಬಂದ ಫೈಲನ್ನು ಗಾಡಿಗೆ ತುಂಬುವವನು ದಾದಾಪೀರ.

ಡ್ಯಾಶ್‌ಬೋರ್ಡಿನ ಮೇಲೆ ಅವನೊಂದು ಚಿಕ್ಕ ಮೀಟರ್ ಕೂರಿಸಿದ್ದ. ಹೊಗೆಕೊಳವೆಯಲ್ಲಿರುವ ಸೆನ್ಸರ್ ನೋಡಿ, ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಉರಿಯುತ್ತಿದೆ ಎಂದು ಅದು ತೋರಿಸುತ್ತದೆ. "ಪೂರಾ ಒತ್ತಿದಾಗ ಹನ್ನೊಂದೂವರಿ ಇರಬೇಕ್ರಿ," ಎಂದ ದಾದಾಪೀರ. "ಹನ್ನೆರಡೂವರಿ ದಾಟಿ ಅರ್ಧ ಸೆಕೆಂಡ್ ನಿಂತ್ರ ಕಂಪ್ಯೂಟರ್ ತಾನ ಆಕ್ಸಿಲೇಟರ್ ಇಳಸ್ತೈತಿ. ಆ ಕಟ್ ನಾನ ಹೇಳಿ ಬರಸೇನಿ."

ಅದು ಯಾಕೆ ಬೇಕು ಎಂದು ನನಗೆ ಹೇಳಬೇಕಾಗಿರಲಿಲ್ಲ. ಗ್ಯಾಸ್ ಕಟರ್ ನೋಡಿದವರಿಗೆಲ್ಲ ಗೊತ್ತು: ಆಕ್ಸಿಜನ್ ಹೆಚ್ಚು ಬಿಟ್ಟರೆ ಅದೇ ಉರಿ ಕಬ್ಬಿಣವನ್ನು ಕೊಯ್ಯುತ್ತದೆ. ಸಿಲಿಂಡರಿನೊಳಗೆ ಪೆಟ್ರೋಲ್ ಸಾಲದೆ ಗಾಳಿ ಹೆಚ್ಚಾದರೂ ಹೆಚ್ಚುಕಡಿಮೆ ಹಾಗೆಯೇ. ಪಿಸ್ಟನ್ ಕರಗುತ್ತದೆ.

ನಾವು ಮಾತಾಡುತ್ತಿರುವಾಗಲೇ ಗಾಡಿಯ ಮಾಲೀಕರು ಬಂದರು. ಅಬು ಹಮದ್ ಎಂದು ಎಲ್ಲರೂ ಕರೆಯುವ, ಅರವತ್ತರ ಆಸುಪಾಸಿನ ಅಲ್ಲಿನವರು. ಸರಾಗ ಹಿಂದಿ ಮಾತಾಡುತ್ತಾರೆ. ದಿಬ್ಬದ ಅರ್ಧಕ್ಕೆ ಗಾಡಿ ಸೊರಗುತ್ತದೆ, ಗೆಳೆಯರೆಲ್ಲ ನಗುತ್ತಾರೆ, ಶುಕ್ರವಾರ ಎಲ್ಲರೂ ಸೇರುತ್ತಿದ್ದೇವೆ, ಅಷ್ಟರೊಳಗೆ ಸರಿ ಮಾಡಿಕೊಡಿ ಎಂದು ಹೇಳಿ ಹೋದರು.

ಗಾಡಿ ಸೊರಗುತ್ತಿರಲಿಲ್ಲ. ಆ ಕಟ್ ತನ್ನ ಕೆಲಸ ಮಾಡುತ್ತಿತ್ತು. ಹಿಂದಿನ ತಿಂಗಳು ಹೆಚ್ಚು ಗಾಳಿ ಬರಲಿ ಎಂದು ಶಂಕ್ರಣ್ಣ ಸೂಪರ್‌ಚಾರ್ಜರಿನ ಪುಲ್ಲಿ ಬದಲಿಸಿ ಚಿಕ್ಕದು ಹಾಕಿಸಿದ್ದರು. ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು ಮಾತ್ರ ಹಳೆಯದೇ, ಅಷ್ಟು ಗಾಳಿಗೆ ಅದು ಸಾಲದು. ದೊಡ್ಡ ಪಂಪು ಬರಲು ಇನ್ನೂ ಹತ್ತು ದಿನ.

"ಅಲ್ಲೀ ತನಕ ಹಳೆ ಪುಲ್ಲಿ ಹಾಕೂಣ್ರಿ," ಎಂದ ದಾದಾಪೀರ.

"ಆತು, ಆತು, ನೋಡೂಣು," ಎಂದರು ಶಂಕ್ರಣ್ಣ, ಫೋನಿನಲ್ಲಿ ಏನೋ ಬರೆಯುತ್ತ.

ಅವರು ಅದೇ ಹೊತ್ತಿಗೆ ಟ್ಯೂನರನಿಗೆ ಕಟ್ ತೆಗೆದುಹಾಕಲು ಬರೆಯುತ್ತಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು.

ಮರಳುಗಾಡು, ಶುಕ್ರವಾರ

ಊರಿನಿಂದ ಒಂದು ತಾಸು ಒಳಗೆ ಹೋದರೆ ಮರಳು ಕೆಂಪಾಗುತ್ತದೆ. ಮಣ್ಣಿನ ಬಣ್ಣ ನೋಡಿ ನನಗೆ ಕರ್ಜಗಿಯ ಕಡೆಯ ಒಂದೆರಡು ಹೊಲ ನೆನಪಾದವು, ಆದರೆ ಇಲ್ಲಿ ಒಂದು ಕರಿಕೆ ಎಸಳೂ ಇಲ್ಲ. ಮೂವತ್ತು ನಲವತ್ತು ಗಾಡಿಗಳು ಸೇರಿದ್ದವು. ಎಲ್ಲರೂ ಮೊದಲು ಟೈರಿನ ಗಾಳಿ ಬಿಡುತ್ತಾರೆ, ಚಪ್ಪಟೆಯಾದ ಟೈರು ಮರಳಿನ ಮೇಲೆ ತೇಲುತ್ತದೆ. ಗಾಳಿ ತುಂಬಿಸಲು ಸಾಲು ನಿಲ್ಲುವ ಊರಿನಿಂದ ಬಂದವಳಿಗೆ ಅದೊಂದು ವಿಚಿತ್ರ ನೋಟ. ಒಬ್ಬ ಅಪರಿಚಿತ ಹೆಂಗಸು ತನ್ನ ಗಾಡಿಯಿಂದ ಇಳಿದು ಬಂದು, ಏನೂ ಕೇಳದೆ ನನ್ನ ಕೈಗೆ ಖರ್ಜೂರದ ತಟ್ಟೆ ಕೊಟ್ಟು, ಸೀನಿ, ನಕ್ಕು ಹೋದಳು.

ನಾನು ದಾದಾಪೀರನನ್ನು ಪಕ್ಕಕ್ಕೆ ಕರೆದೆ. "ಹಳೆ ಪುಲ್ಲಿ ಹಾಕಿದ್ರೇನು?"

ಅವನು ನನ್ನ ಮುಖ ನೋಡಲಿಲ್ಲ. "ಇಲ್ರಿ. ಫೈಲ್ ಬದಲಿ ಆಗೇತ್ರಿ."

"ಅಂದ್ರ?"

"ಕಟ್ ತಗದಾರ್ರಿ. ನಿನ್ನೆ ಸಂಜಿಗೆ ನಾನ ತುಂಬೇನಿ."

"ತುಂಬಿ, ನೀನ ಅದರಾಗ ಕುಂದ್ರಾಕತ್ತಿಯೇನು?"

"ಮೀಟರ್ ನೋಡ್ಕೋತ ಇರ್ತೇನ್ರಿ. ಹೆಚ್ಚಾದ್ರ ಕಾಲು ತಗೀರಿ ಅಂತ ಹೇಳ್ತೇನಿ."

ಅಷ್ಟರಲ್ಲಿ ಅಬು ಹಮದ್ ಹಾರ್ನ್ ಬಾರಿಸಿದರು. ಅವನು ಲ್ಯಾಪ್‌ಟಾಪ್ ಹಿಡಿದು ಓಡಿದ. ನಾನು ಗಾಡಿಯ ಮುಂದೆ ಹೋಗಿ ಅಡ್ಡ ನಿಲ್ಲಬಹುದಿತ್ತು. ನನ್ನ ವರ್ಕ್‌ಶಾಪಿನಲ್ಲಾಗಿದ್ದರೆ ನಿಲ್ಲುತ್ತಿದ್ದೆ. ಪರದೇಶ, ಪರರ ಗಾಡಿ, ನಾನು ಬಂದ ಅತಿಥಿ ಎಂದು ಹಿಂಜರಿದೆ. ಆ ಹಿಂಜರಿಕೆ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಗಾಡಿ ದಿಬ್ಬದ ಬುಡದಿಂದ ಎದ್ದಿತು. ಸದ್ದು ಎದೆಯೊಳಗೆ ಕೇಳುತ್ತಿತ್ತು. ಹಿಂದಿನ ಸಲ ಸೊರಗಿದ ಜಾಗ ದಾಟಿತು, ಕೆಳಗೆ ನಿಂತವರು ಚಪ್ಪಾಳೆ ತಟ್ಟಿದರು. ಆಮೇಲೆ ಆ ದೊಡ್ಡ ಸದ್ದಿನ ಒಳಗೆ ಇನ್ನೊಂದು ಸದ್ದು ಬಂತು, ತಗಡಿನ ಡಬ್ಬಿಯಲ್ಲಿ ಬೋಲ್ಟು ಹಾಕಿ ಅಲ್ಲಾಡಿಸಿದ ಹಾಗೆ. ಅದು ನನಗೆ ಗೊತ್ತಿರುವ ಸದ್ದು, ಪೆಟ್ರೋಲ್ ಸಾಲದೆ ಒದ್ದಾಡುವ ಇಂಜಿನ್ನಿನದು. "ಕಾಲು ತಗೀ," ಎಂದು ಕನ್ನಡದಲ್ಲೇ ಕೂಗಿದೆ. ಯಾರಿಗೆ ಕೇಳಬೇಕು?

ಒಂದು ಹೊಡೆತ ಕೇಳಿತು, ನೀಲಿ ಹೊಗೆ ಬಂತು, ಗಾಡಿ ತುದಿಗೆ ಇನ್ನೂ ಎರಡಾಳು ಎತ್ತರ ಇರುವಾಗಲೇ ನಿಂತು ಹಿಂದಕ್ಕೆ ಜಾರಿ ಅಡ್ಡಲಾಯಿತು. ಕರಗಿದ ಪಿಸ್ಟನ್ನಿನ ತೂತಿನಿಂದ ಒತ್ತಡ ಕೆಳಗಿಳಿದು, ಇಂಜಿನ್ ಆಯಿಲನ್ನು ಹೊರಗೆ ಕಾರಿಸಿತ್ತು. ಆಯಿಲ್ ಕೆಂಪಗೆ ಕಾದ ಹೊಗೆಕೊಳವೆಯ ಮೇಲೆ ಬಿತ್ತು. ಬಾನೆಟ್ಟಿನ ಅಂಚಿನಿಂದ ಬೆಂಕಿ ನಾಲಗೆ ಚಾಚಿತು.

ದಾದಾಪೀರ ತನ್ನ ಕಡೆಯಿಂದ ಜಿಗಿದ. ಅಬು ಹಮದ್ ಇದ್ದ ಬಾಗಿಲು ಇಳಿಜಾರಿನ ಕೆಳಭಾಗಕ್ಕಿತ್ತು, ಮರಳಿಗೆ ಒತ್ತಿಕೊಂಡು ತೆರೆಯುತ್ತಿರಲಿಲ್ಲ. ಇವನು ಮರಳನ್ನು ಎರಡೂ ಕೈಯಿಂದ ತೋಡಿದ. ಉರಿಯುವ ಆಯಿಲ್ ಅವನ ಕೈ ಮೇಲೆ ಸುರಿಯುತ್ತಿತ್ತು. ನಾನು, ಇನ್ನೂ ಹತ್ತಾರು ಜನ ಏದುಸಿರು ಬಿಡುತ್ತ ಮೇಲೆ ಮುಟ್ಟುವಷ್ಟರಲ್ಲಿ ಅವನು ಆ ಹಿರಿಯರನ್ನು ಎಳೆದು ಹೊರಗೆ ಹಾಕಿದ್ದ. ಅವರ ಗಡ್ಡದ ಒಂದು ಬದಿ ಸುಟ್ಟಿತ್ತು, ಅಷ್ಟೆ. ದಾದಾಪೀರ ಮೊಣಕಾಲೂರಿ ಕೂತು ತನ್ನ ಕೈಗಳನ್ನು ಮುಂದೆ ಹಿಡಿದುಕೊಂಡಿದ್ದ.

ಆಸ್ಪತ್ರೆ

ಮರುದಿನ ಬೆಳಿಗ್ಗೆ ಎರಡೂ ಕೈಗೆ ಮೊಣಕೈವರೆಗೆ ಬಿಳಿ ಪಟ್ಟಿ ಕಟ್ಟಿದ್ದರು. ನಾನೇ ಚಮಚದಿಂದ ಗಂಜಿ ಕುಡಿಸಿದೆ.

ಹತ್ತು ಗಂಟೆಗೆ ಶಂಕ್ರಣ್ಣ ಬಂದರು. ಸೇಬುಹಣ್ಣು ತಂದಿದ್ದರು, ಕಣ್ಣಲ್ಲಿ ನೀರೂ ಇತ್ತು. ಆಮೇಲೆ ನನ್ನನ್ನು ಹೊರಗೆ ಕರೆದು ಜೇಬಿನಿಂದ ಒಂದು ಹಾಳೆ ತೆಗೆದರು. ಇಂಗ್ಲಿಷಿನಲ್ಲಿ, ದಾದಾಪೀರನೇ ಹೇಳಿದಂತೆ ಬರೆದಿತ್ತು: ಪೆಟ್ರೋಲ್ ಪೈಪಿನ ಜೋಡಣೆಯನ್ನು ನಾನು ಸರಿಯಾಗಿ ಬಿಗಿ ಮಾಡಿರಲಿಲ್ಲ, ಅಲ್ಲಿಂದ ಸೋರಿ ಬೆಂಕಿ ಹತ್ತಿತು, ಇದು ನನ್ನ ತಪ್ಪು. ಕೆಳಗೆ ದಾದಾಪೀರನ ಹೆಸರು.

"ನೀವು ಹೇಳಿದ್ರ ಕೇಳ್ತಾನ್ರಿ ಅಕ್ಕಾರ. ಗ್ಯಾರೇಜಿನ ಹೆಸರು ಹೋದ್ರ ಹದಿನೆಂಟು ಮಂದಿ ಮನಿಗೆ ಹೋಗ್ತಾರ. ಇವನ ಚಿಕಿತ್ಸಾ ನಾ ನೋಡ್ಕೋತೇನಿ, ಆಮ್ಯಾಲೆ ಬ್ಯಾರೆ ಕಡೆ ಕೆಲಸಾನೂ ಕೊಡಸ್ತೇನಿ. ಸಹಿ ಮಾಡಾಕ ಆಗಂಗಿಲ್ಲಂದ್ರ ಹೆಬ್ಬೆಟ್ಟು ಆದ್ರೂ ನಡೀತೈತಿ."

ಹೆಬ್ಬೆಟ್ಟು ಪಟ್ಟಿಯೊಳಗಿತ್ತು. ಪಟ್ಟಿ ಬಿಚ್ಚಿ ಒತ್ತಿಸಬೇಕಾಗಿತ್ತು. ಈ ಮಾತು ಆಡುವಾಗ ಆ ಮನುಷ್ಯನ ದನಿಯಲ್ಲಿ ನಿಜವಾದ ದುಃಖವಿತ್ತು, ಅದೇ ನನಗೆ ಇನ್ನಷ್ಟು ಉರಿ ಹತ್ತಿಸಿತು. ಹಾಳೆ ಕಿತ್ತುಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ. "ಇದು ನನ್ನ ಕಡೆ ಇರಲಿ. ನೀವು ಹೋಗ್ರಿ," ಅಂದೆ.

ಒಳಗೆ ಬಂದು ಆ ಸಿಟ್ಟನ್ನೆಲ್ಲ ದಾದಾಪೀರನ ಮೇಲೆ ಸುರಿದೆ. "ಗೊತ್ತಿದ್ದೂ ಯಾಕ ತುಂಬಿದಿ ಆ ಫೈಲ್? ನಾ ನಿನಗ ಇದನ್ನ ಕಲಿಸಿದ್ನೇನು? ಎಚ್ಚರಿಕಿ ಕೊಡೂದನ್ನ ಕಿತ್ತು ಒಗಿ ಅಂತ ಯಾವ ಪಾಠದಾಗ ಹೇಳೇನಿ?"

ಅವನು ಪಟ್ಟಿ ಕಟ್ಟಿದ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಮೆಲ್ಲಗೆ ಅಂದ: "ಅಕ್ಕಾರ, ನಾ ನಿಮ್ಮ ಕಡೆ ಕಲಿಯುವಾಗ ಇನ್‌ಸ್ಪೆಕ್ಷನ್‌ಗೆ ಸಾಹೇಬ್ರು ಬಂದಿದ್ರಲ್ರಿ. ನಮ್ಮ ಪ್ರಾಕ್ಟಿಕಲ್ ಜೀಪಿನ ಇಂಜಿನ್ ಎಚ್ಚರಿಕಿ ದೀಪ ಆರ್ತಿರಲಿಲ್ಲ. ಬಲ್ಬ್ ತಗದಬಿಡು ದಾದಾಪೀರ, ಅಂದಿದ್ರಿ ನೀವು. ನಾನ ತಗದಿದ್ದೆ."

ಬಯ್ಯಲೆಂದು ಹೇಳಿದ ಮಾತಲ್ಲ ಅದು. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ. ನನಗೆ ನೆನಪಿತ್ತು. ಅವತ್ತು ಸಾಹೇಬರು ಜೀಪು ನೋಡಿ ಬೆನ್ನು ತಟ್ಟಿ ಹೋಗಿದ್ದರು. ಇಡೀ ತರಗತಿ ನಕ್ಕಿತ್ತು, ನಾನೂ ನಕ್ಕಿದ್ದೆ. ದೊಡ್ಡವರು ಬಂದಾಗ ಎಚ್ಚರಿಕೆಯ ದೀಪವನ್ನು ಕಿತ್ತಿಡಬಹುದು ಎಂಬ ಪಾಠವನ್ನು ಪುಸ್ತಕವಿಲ್ಲದೆ ಕಲಿಸಿದ್ದೆ. ಕಿಟಕಿಯ ಹತ್ತಿರ ಹೋಗಿ ನಿಂತೆ. ಕೆಳಗೆ ಖಾಲಿ ಕಾರುಗಳು ಇಂಜಿನ್ ಚಾಲೂ ಇಟ್ಟುಕೊಂಡು ನಿಂತಿದ್ದವು.

"ಲ್ಯಾಪ್‌ಟಾಪ್ ಎಲ್ಲೈತಿ?" ಎಂದು ಕೇಳಿದೆ.

"ಸುಟ್ಟ ಹೋತ್ರಿ. ಆದ್ರ ಅಂಕಿ ಎಲ್ಲಾ ನನ್ನ ಫೋನಿಗೂ ಬರ್ತಾವ. ತಗೋರಿ."

ಅಬು ಹಮದ್ ಅವರ ಮನೆ

ಒಂದು ಕಾಗದದ ಅಂಗಡಿಯಲ್ಲಿ ಅಂಕಿಗಳನ್ನೆಲ್ಲ ಅಚ್ಚು ಹಾಕಿಸಿದೆ. ಮರುದಿನ ಅಬು ಹಮದ್ ಅವರ ಮನೆಗೆ ಹೋದೆ. ಗೋಡೆಯುದ್ದಕ್ಕೂ ದಿಂಬು ಹಾಕಿದ ದೊಡ್ಡ ಕೋಣೆ. ನಾನು ಬರುತ್ತೇನೆಂದು ಹೇಳಿಕಳಿಸಿದ್ದರಿಂದ ಅವರು ಶಂಕ್ರಣ್ಣನನ್ನೂ ಕರೆಸಿದ್ದರು, ಶಂಕ್ರಣ್ಣ ನನಗಿಂತ ಮುಂಚೆ ಬಂದು ಕೂತಿದ್ದರು.

ಅಲ್ಲಿ ಬೆರಳ ಗಾತ್ರದ ಬಟ್ಟಲಿನಲ್ಲಿ ಕಹಿ ಕಾಫಿ ಕೊಡುತ್ತಾರೆ. ಕುಡಿದಿಟ್ಟ ಕೂಡಲೇ ಮತ್ತೆ ತುಂಬುತ್ತಾರೆ. ಬೇಡವಾದರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಒಂದೊಂದೇ ಗುಟುಕಿಗೆ ಮುಗಿಸುತ್ತಿದ್ದೆ, ಕಾಫಿಯವನು ಸುರಿಯುತ್ತಲೇ ಇದ್ದ. ಆರನೆಯದಕ್ಕೆ ಅಬು ಹಮದ್ ತಾವೇ ಬಟ್ಟಲನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ತೋರಿಸಿದರು. ಹಾಗೆ ಮಾಡಿದರೆ ಸಾಕು ಎಂದರ್ಥ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಶಂಕ್ರಣ್ಣ ಮೊದಲು ಮಾತಾಡಿದರು. ಪೈಪ್ ಸೋರಿದ್ದರಿಂದ ಪೆಟ್ರೋಲಿನ ಒತ್ತಡ ಇಳಿಯಿತು, ಒತ್ತಡ ಇಳಿದದ್ದಕ್ಕೆ ಗಾಳಿ ಹೆಚ್ಚಾಯಿತು, ಬೇಕಾದರೆ ಮೇಡಂ ತಂದಿರುವ ಅಂಕಿಯಲ್ಲೇ ನೋಡಿ ಎಂದರು. ಕೇಳಿದವರಿಗೆ ಸರಿ ಅನ್ನಿಸುವ ಮಾತು. ಕಸುಬು ಗೊತ್ತಿದ್ದೇ ಹೇಳಿದ ಸುಳ್ಳು.

ನಾನು ಹಾಳೆಗಳನ್ನು ನೆಲದ ಮೇಲೆ ಹರಡಿದೆ. ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಶುಕ್ರವಾರದ ಹಾಳೆ ಇದು. ಮೀಟರ್ ಹನ್ನೆರಡೂವರೆ ದಾಟಿದ್ದು ಇಲ್ಲಿ. ಹದಿನಾಲ್ಕಕ್ಕೆ ಹೋಗಿ ಇಂಜಿನ್ ಸತ್ತದ್ದು ಇಲ್ಲಿ. ನಡುವೆ ಒಂಬತ್ತು ಸೆಕೆಂಡು. ಈಗ ಹಿಂದಿನ ವಾರದ ಮೂರು ಹಾಳೆ ನೋಡಿ. ಮೂರರಲ್ಲೂ ಇಂಜಿನ್ ಇದೇ ವೇಗಕ್ಕೆ ಬಂದಾಗ ಒತ್ತಡ ಹೀಗೇ ಇಳಿದಿದೆ. ಮೂರು ಸಲವೂ ಅರ್ಧ ಸೆಕೆಂಡಿಗೆ ಕಂಪ್ಯೂಟರ್ ಆಕ್ಸಿಲೇಟರ್ ಇಳಿಸಿದೆ. ಇಳಿಸಿದ ಕೂಡಲೇ ಒತ್ತಡ ಮೊದಲಿನಂತೆ ಏರಿದೆ. ಸೋರುವ ಪೈಪು ತನ್ನಷ್ಟಕ್ಕೆ ವಾಸಿಯಾಗುತ್ತದೆಯೇ? ಪಂಪು ಸಾಲುತ್ತಿರಲಿಲ್ಲ, ಅಷ್ಟೆ. ಮೂರು ಸಲ ಈ ಗಾಡಿ ನಿಮ್ಮನ್ನು ಉಳಿಸಿತು. ನಾಲ್ಕನೆಯ ಸಲ ಉಳಿಸದ ಹಾಗೆ ಮಾಡಿದರು.

ಅಬು ಹಮದ್ ಹಾಳೆಗಳ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಒಂದು ಬದಿ ಸುಟ್ಟ ಗಡ್ಡವನ್ನು ಅವರು ಇನ್ನೂ ಬೋಳಿಸಿರಲಿಲ್ಲ.

"ಸೊರಗುವುದನ್ನು ನಿಲ್ಲಿಸಿ ಎಂದು ಕೇಳಿದವನು ನಾನೇ," ಎಂದರು. "ಅದು ಯಾಕೆ ಸೊರಗುತ್ತಿತ್ತು ಎಂದು ನನಗೆ ಒಬ್ಬರೂ ಹೇಳಲಿಲ್ಲ." ಆಮೇಲೆ ಶಂಕ್ರಣ್ಣನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತೇ?"

ಶಂಕ್ರಣ್ಣ ಹತ್ತಿರದ ಹಾಳೆಯೊಂದನ್ನು ಎತ್ತಿ ತಿರುಗಿಸಿ ನೋಡಿದರು.

"ನನಗೆ ಗೊತ್ತಿತ್ತು," ಎಂದು ನಾನು ಹೇಳಿದೆ. "ಶುಕ್ರವಾರ ಬೆಳಿಗ್ಗೆ ಗೊತ್ತಾಗಿತ್ತು. ನಾನೂ ನಿಮ್ಮನ್ನು ತಡೆಯಲಿಲ್ಲ." ಆ ಮಾತು ಹೇಳದೆ ಆ ಮನೆಯಿಂದ ಏಳಲು ನನಗೆ ಆಗುತ್ತಿರಲಿಲ್ಲ.

ಅದರ ನಂತರ ಶಂಕ್ರಣ್ಣ "ಗೊತ್ತಿತ್ತು" ಅಂದರು. ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣಗೆ.

ಅಬು ಹಮದ್ ಕೂಗಾಡಲಿಲ್ಲ. ಕಾಗದ, ಪೆನ್ನು ತರಿಸಿ ಅವರ ಮುಂದಿಟ್ಟು, ನಡೆದದ್ದನ್ನು ನಿನ್ನ ಕೈಯಿಂದಲೇ ಬರೆ ಎಂದರು. ಶಂಕ್ರಣ್ಣ ಬರೆದರು. ಆಸ್ಪತ್ರೆಯ ಹಾಳೆಯನ್ನು ನಾನು ಚೀಲದಿಂದ ತೆಗೆದು ಅವರೆದುರೇ ಹರಿದೆ.

ಮರಳಿ ಬರುವಾಗ ಕಾರಿನಲ್ಲಿ ಶಂಕ್ರಣ್ಣ ಹೇಳಿದರು, "ನಮ್ಮ ಕಡೆಯವರಾಗಿ ಹಿಂಗ ಮಾಡಿದ್ರಲ್ರಿ ಅಕ್ಕಾರ. ಪರದೇಶದಾಗ ನಮ್ಮವರನ್ನ ನಾವ ಕಾಯ್ಬೇಕು."

"ಗುತ್ತಲ ಯಾವ ದೇಶದಾಗೈತ್ರಿ?" ಎಂದು ಕೇಳಿದೆ. "ನಿಮ್ಮ ಹಲಗೇರಿಯಿಂದ ಎಷ್ಟು ದೂರ?"

ಹುಡುಗರನ್ನು ಕಳಿಸುವುದಿಲ್ಲ, ಒಬ್ಬನನ್ನೂ, ಎಂದು ಹೇಳಿ ಇಳಿದೆ.

ಬ್ಯಾಡಗಿ

ಹಾವೇರಿಗೆ ಬಂದು, ಶಾರ್ಜಾಕ್ಕೆ ಕಳಿಸಬೇಕೆಂದುಕೊಂಡಿದ್ದ ಐವರು ಹುಡುಗರಿಗೆ ವಿಷಯ ತಿಳಿಸಿದಾಗ ಅವರು ನನ್ನ ಮೇಲೆಯೇ ಸಿಟ್ಟಾದರು. ಒಬ್ಬ ಎದ್ದು ನಿಂತು, "ನೀವು ನೋಡ್ಕೊಂಡು ಬಂದ್ರಿ, ನಮಗ ಬ್ಯಾಡ ಅಂತೀರಿ," ಎಂದ. ಅವನಿಗೆ ಸಿಟ್ಟು ಬಂದದ್ದು ಸರಿಯೇ. ನಡೆದದ್ದೆಲ್ಲ ಹೇಳಿದೆ, ಜೀಪಿನ ಬಲ್ಬಿನ ಸಂಗತಿಯನ್ನೂ ಬಿಡದೆ. ಇಬ್ಬರು ಕೇಳಿದರು, ಮೂವರು ಕಿಟಕಿ ನೋಡಿದರು.

ಎರಡು ತಿಂಗಳ ನಂತರ ತರಗತಿಯನ್ನು ಬ್ಯಾಡಗಿಗೆ ಕರೆದೊಯ್ದಿದ್ದೆ, ಮೆಣಸಿನಕಾಯಿ ಸಾಗಿಸುವ ಪಿಕಪ್‌ಗಳ ತಪಾಸಣೆಗೆ. ಅದು ಸುಗ್ಗಿಯಲ್ಲ, ಆದರೂ ಕೋಲ್ಡ್ ಸ್ಟೋರೇಜಿನ ಮುಂದೆ ಗಾಡಿಗಳ ಸಾಲಿತ್ತು. ಒಂದು ಗಾಡಿ ಕಪ್ಪು ಹೊಗೆ ಕಾರುತ್ತ ನಿಂತಿತ್ತು. ಡ್ರೈವರ್ ಹೆಮ್ಮೆಯಿಂದ ಹೇಳಿದ: ಒಬ್ಬಾತ ಲ್ಯಾಪ್‌ಟಾಪ್ ತಂದು ಹತ್ತೇ ನಿಮಿಷದಲ್ಲಿ ಪವರ್ ಏರಿಸಿ ಹೋಗಿದ್ದಾನೆ, ಈಗ ಘಟ್ಟದಲ್ಲೂ ಮೂರನೇ ಗೇರಿನಲ್ಲಿ ಎಳೆಯುತ್ತದೆ. ಏನೇನು ಬದಲಿಸಿದ ಎಂದು ಕೇಳಿದೆ. "ಅದೆಲ್ಲಾ ನಮಗ್ಯಾಕ್ರಿ," ಅಂದ. ಅವನನ್ನು ಬಯ್ಯುತ್ತಿರುವಾಗಲೇ ದಾದಾಪೀರನ ಫೋನ್ ಬಂತು.

ಕೈ ವಾಸಿಯಾಗಿದೆ, ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ ಎಂದ. ಕೆಲಸ ಎಲ್ಲಿ ಎಂದೆ. "ಅದ ಗ್ಯಾರೇಜಿನ್ಯಾಗ್ರಿ," ಎಂದ.

ಬ್ಯಾಡಗಿಯ ಆ ಬೀದಿಯಲ್ಲಿ ನಿಂತು ಅವನಿಗೆ ಏನೇನು ಅಂದೆನೋ ಈಗ ನೆನಪಿಲ್ಲ. ನಾಚಿಕೆಯಿಲ್ಲವೇ ಎಂದದ್ದು ನೆನಪಿದೆ. ಹುಡುಗರು, ಡ್ರೈವರುಗಳು ಎಲ್ಲ ತಿರುಗಿ ನೋಡುತ್ತಿದ್ದರು.

"ನಾ ಬಿಟ್ಟ ಹೋದ್ರ ಆ ಕೆಲಸಕ್ಕ ಮತ್ತೊಬ್ಬ ಬರ್ತಾನ್ರಿ," ಎಂದ ಅವನು. "ಈಗ ಕಟ್ ತಗಿಯೂ ಪಾಸ್‌ವರ್ಡ್ ನನ್ನ ಕಡೆ ಅಷ್ಟ ಐತಿ. ಆ ಕರಾರಿನ ಮ್ಯಾಲೆ ಬಂದೇನಿ."

"ಮೊನ್ನೆ ಒಬ್ಬ ಗಿರಾಕಿ ಬಂದಿದ್ರು ನೋಡ್ರಿ," ಎಂದು ಮುಂದುವರಿಸಿದ. "ಕಟ್ ತಗೀರಿ ಅಂತ ಹಟ ಹಿಡದ್ರು. ನಾ ಒಲ್ಲೆ ಅಂದೆ. ಶಂಕ್ರಣ್ಣಾರು ಒಳಗಿಂದ ಬಂದು, ನನ್ನ ಕೈ ಹಿಡದ ಎತ್ತಿ ಅವ್ರ ಮುಂದ ತೋರಿಸಿದ್ರು. ಇದನ್ನ ನೋಡ್ರಿ, ಆಮ್ಯಾಲೆ ಕೇಳ್ರಿ, ಅಂದ್ರು."

ಹೆಬ್ಬೆಟ್ಟು ಒತ್ತಿಸಲು ಬಂದಿದ್ದ ಮನುಷ್ಯ ಈಗ ಅದೇ ಕೈಯನ್ನು ಎತ್ತಿ ಗಿರಾಕಿಗೆ ತೋರಿಸುತ್ತಾನೆ. ನನ್ನ ಮೈಯೆಲ್ಲ ಉರಿಯಿತು. ಬಯ್ಯಲು ಬಾಯಿ ತೆರೆದೆ, ಯಾರನ್ನು ಬಯ್ಯಬೇಕೆಂದು ತಿಳಿಯಲಿಲ್ಲ.

"ಆಮ್ಯಾಲೆ?" ಎಂದೆ.

"ಆಮ್ಯಾಲೇನ್ರಿ," ಎಂದ ದಾದಾಪೀರ. "ದೊಡ್ಡ ಪಂಪ್ ಹಾಕಸ್ಕೊಂಡು ಹೋದ್ರು."